ಹಳೆಯ ಕಾವಲಿಯನ್ನು ಓದುವುದು ಹೇಗೆ?

(ಅಜ್ಜ ಅಜ್ಜಿಯರ ಕಾಲದ ಕಬ್ಬಿಣದ ಪಾತ್ರೆಗಳು ಇಂದು ಅಟ್ಟ ಸೇರುತ್ತಿವೆ. ಕೆಲವು ಗುಜರಿ ಅಂಗಡಿಗೆ ಹೋಗುತ್ತಿವೆ. ಅವುಗಳನ್ನು ಗುರುತಿಸುವ ಬಗೆಯನ್ನೂ ಅವುಗಳ ಬೆಲೆ ತಿಳಿಯುವ ಬಗೆಯನ್ನೂ ಈ ಪಾಠ ಹೇಳುತ್ತದೆ.)

ಮಕ್ಕಳೇ, ನಿಮ್ಮ ಮನೆಯಲ್ಲಿ ದೋಸೆ ಹೊಯ್ಯುವ ಕಾವಲಿ ಇದೆಯಲ್ಲವೇ? ಕಾಸರಗೋಡಿನ ಕಡೆ ನಾವು ಕಾವಲಿ ಎನ್ನುವುದನ್ನು ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ಕನ್ನಡಿಗರು ಹಂಚು ಎನ್ನುತ್ತಾರೆ. ಮಲಯಾಳ ಮಾತಾಡುವ ನೆರೆಮನೆಯವರು ಅದನ್ನೇ ದೋಶಕ್ಕಲ್ಲು ಎಂದು ಕರೆಯುತ್ತಾರೆ. ಹೆಸರಿನಲ್ಲಿ ಕಲ್ಲು ಇದೆ. ಆದರೆ ವಸ್ತು ಕಬ್ಬಿಣ. ಇದೇ ಜಾತಿಯ ಇನ್ನೂ ಕೆಲವು ಪಾತ್ರೆಗಳು ನಮ್ಮ ಅಡುಗೆಮನೆಗಳಲ್ಲಿವೆ. ಸಣ್ಣ ಸಣ್ಣ ಗುಳಿಗಳಿರುವ ಅಪ್ಪದ ಕಾವಲಿ, ಆಳವಾದ ಬಾಣಲೆ, ಹಪ್ಪಳ ಕರಿಯುವ ದೊಡ್ಡ ಬಂಡಿ ಇವೆಲ್ಲ ಹಲವು ಮನೆಗಳಲ್ಲಿ ಕಬ್ಬಿಣದವೇ.

ಈ ಪಾತ್ರೆಗಳು ಕಪ್ಪು, ಭಾರ, ಒರಟು. ಹೊಳೆಯುವ ಸ್ಟೀಲಿನ ಪಾತ್ರೆಗಳ ಪಕ್ಕದಲ್ಲಿ ಇವು ಅಂದವಾಗಿ ಕಾಣುವುದಿಲ್ಲ. ಆದ್ದರಿಂದ ಹಳೆಯ ಸಾಮಾನು ಕೊಳ್ಳುವವರು ಬಂದಾಗ ಮೊದಲು ಹೊರಗೆ ಬರುವುದು ಇವೇ. ವ್ಯಾಪಾರಿ ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಕಿಲೋಗ್ರಾಂ ಲೆಕ್ಕದಲ್ಲಿ ಹಣ ಕೊಡುತ್ತಾನೆ. ಮುರಿದ ಕಿಟಕಿ ಸರಳಿಗೂ ಐವತ್ತು ವರ್ಷ ದೋಸೆ ಕೊಟ್ಟ ಕಾವಲಿಗೂ ಅಲ್ಲಿ ಒಂದೇ ಬೆಲೆ. ತಕ್ಕಡಿಗೆ ತೂಕ ಮಾತ್ರ ತಿಳಿಯುತ್ತದೆ. ಪಾತ್ರೆಯ ಗುಣ ಅದಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿಯಲು ಕಣ್ಣು, ಕೈ, ಕಿವಿಗಳನ್ನು ಬಳಸಬೇಕು.

ಎರಕದ ಕಬ್ಬಿಣ ಎಂದರೇನು?

ಕಬ್ಬಿಣದ ಪಾತ್ರೆಗಳಲ್ಲಿ ಎರಡು ಬಗೆ. ಒಂದು, ಬಡಿದು ಮಾಡಿದ್ದು. ಕಮ್ಮಾರನು ಕಬ್ಬಿಣದ ತಗಡನ್ನು ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ಬಾಣಲೆ ಮಾಡುತ್ತಾನೆ. ಇದು ತೆಳ್ಳಗಿರುತ್ತದೆ. ಮೈಮೇಲೆ ಸುತ್ತಿಗೆಯ ಪೆಟ್ಟಿನ ಗುರುತುಗಳು ಕಾಣುತ್ತವೆ. ಹಿಡಿಗಳನ್ನು ಬೇರೆಯಾಗಿ ಮಾಡಿ ಮೊಳೆ ಬಡಿದು ಕೂಡಿಸಿರುತ್ತಾನೆ.

ಇನ್ನೊಂದು, ಎರಕ ಹೊಯ್ದು ಮಾಡಿದ್ದು. ಕಬ್ಬಿಣವನ್ನು ನೀರಿನಂತೆ ಕರಗಿಸಿ, ಅಚ್ಚಿನೊಳಗೆ ಸುರಿದು, ಆರಿದ ಮೇಲೆ ಹೊರತೆಗೆಯುತ್ತಾರೆ. ಇದನ್ನು ಎರಕದ ಕಬ್ಬಿಣ ಎನ್ನುತ್ತೇವೆ. ಆಡುಮಾತಿನಲ್ಲಿ ಬೀಡು ಎಂಬ ಹೆಸರೂ ಉಂಟು. ಇದರ ಗೋಡೆ ದಪ್ಪ. ಹಿಡಿಯೂ ಕಿವಿಯೂ ಪಾತ್ರೆಯ ಜೊತೆಯಲ್ಲೇ ಒಂದೇ ತುಂಡಾಗಿ ಹುಟ್ಟಿರುತ್ತವೆ. ಅಲ್ಲಿ ಮೊಳೆ ಇರುವುದಿಲ್ಲ.

ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಎರಕದ ಕಬ್ಬಿಣದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಭಾಗದಷ್ಟು ಇಂಗಾಲ ಸೇರಿರುತ್ತದೆ. ಆದ್ದರಿಂದ ಅದು ಸುಮಾರು 1,200 ಡಿಗ್ರಿಯಲ್ಲೇ ಕರಗುತ್ತದೆ. ಅಚ್ಚಿನ ಮೂಲೆ ಮೂಲೆಗೂ ಸಲೀಸಾಗಿ ಹರಿಯುತ್ತದೆ. ಇದು ಇಂಗಾಲದಿಂದ ಆಗುವ ಲಾಭ. ನಷ್ಟವೂ ಒಂದಿದೆ. ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಕಲ್ಲು ನೆಲದ ಮೇಲೆ ಬಿದ್ದರೆ ಸೀಳಬಹುದು. ಕಾದಿರುವಾಗ ತಣ್ಣೀರು ಸುರಿದರೂ ಬಿರುಕು ಬಿಡಬಹುದು.

ಮರಳಿನಿಂದ ಹುಟ್ಟಿದ ಪಾತ್ರೆ

ಎರಕದ ಕಬ್ಬಿಣವನ್ನು ಮೊದಲು ಬಳಕೆಗೆ ತಂದವರು ಚೀನೀಯರು. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಅವರು ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಸುರಿಯುತ್ತಿದ್ದರು. ಕೇರಳದಲ್ಲಿ ಬಾಣಲೆಗೆ ಚೀನಚಟ್ಟಿ ಎಂಬ ಹೆಸರಿದೆ. ಚೀನಾದ ಚಟ್ಟಿ ಎಂದು ಅದರ ಅರ್ಥ. ಸಮುದ್ರ ದಾಟಿ ನಡೆದ ಹಳೆಯ ವ್ಯಾಪಾರದ ನೆನಪು ನಮ್ಮ ಅಡುಗೆಮನೆಯ ಒಂದು ಪದದಲ್ಲಿ ಉಳಿದಿದೆ.

ಇಂಗ್ಲೆಂಡಿನಲ್ಲಿ ಎರಕದ ಪಾತ್ರೆ ಬಡವರ ಮನೆಗೆ ಬಂದ ಕಥೆ ಸ್ವಾರಸ್ಯವಾಗಿದೆ. ಅಲ್ಲಿ ಅಡುಗೆಯ ಒಳ್ಳೆಯ ಪಾತ್ರೆಗಳೆಂದರೆ ಹಿತ್ತಾಳೆಯವು. ಅವು ದುಬಾರಿ. ಬ್ರಿಸ್ಟಲ್ ನಗರದಲ್ಲಿ ಅಬ್ರಹಾಂ ಡಾರ್ಬಿ ಎಂಬವನಿದ್ದ. ಅಗ್ಗದ ಕಬ್ಬಿಣದಲ್ಲಿ ತೆಳ್ಳನೆಯ ಪಾತ್ರೆಗಳನ್ನು ಮಾಡಬೇಕೆಂದು ಅವನು ಹಟ ಹಿಡಿದ. ಜಾನ್ ಥಾಮಸ್ ಎಂಬ ತರುಣ ಅವನ ಸಹಾಯಕ. ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ಪ್ರಯೋಗ ನಡೆಸಿದರು. ಗುಟ್ಟು ಹೊರಬೀಳದಿರಲೆಂದು ಬೀಗದ ಕೈಯ ತೂತನ್ನೂ ಮುಚ್ಚುತ್ತಿದ್ದರಂತೆ. ಕೊನೆಗೆ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರೆಯುವ ವಿಧಾನ ಕೈಗೂಡಿತು. 1707ರಲ್ಲಿ ಡಾರ್ಬಿ ಅದಕ್ಕೆ ಸರಕಾರದಿಂದ ಹಕ್ಕುಪತ್ರ ಪಡೆದ.

ಅನಂತರ ಅವನು ಕೋಲ್‌ಬ್ರೂಕ್‌ಡೇಲ್ ಎಂಬ ಕಣಿವೆಯ ಊರಿಗೆ ಹೋದ. ಆಗ ಕಬ್ಬಿಣ ಕರಗಿಸಲು ಕಟ್ಟಿಗೆಯ ಇದ್ದಿಲು ಬೇಕಾಗುತ್ತಿತ್ತು. 1709ರಲ್ಲಿ ಅವನು ಇದ್ದಿಲಿನ ಬದಲು ಕೋಕ್ ಬಳಸಿದ. ಗಾಳಿ ತಾಗದಂತೆ ಕಲ್ಲಿದ್ದಲನ್ನು ಕಾಯಿಸಿದರೆ ಸಿಗುವ ಉರುವಲೇ ಕೋಕ್. ಇದರಿಂದ ಮುಂದೆ ಕಬ್ಬಿಣ ಅಗ್ಗವಾಯಿತು. ಡಾರ್ಬಿಯ ಹಳೆಯ ಊದುಕುಲುಮೆಯ ಅವಶೇಷವನ್ನು ಅಲ್ಲಿ ಇಂದಿಗೂ ಕಾಪಾಡಿದ್ದಾರೆ. ಆ ಕಣಿವೆಯನ್ನು 1986ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೋ ಸಾರಿತು. ಒಂದು ಅಡುಗೆಯ ಪಾತ್ರೆಯನ್ನು ಅಗ್ಗವಾಗಿ ಮಾಡಬೇಕೆಂಬ ಆಸೆ ದೊಡ್ಡ ಕೈಗಾರಿಕೆಗೇ ದಾರಿ ತೋರಿತು!

ಮರಳಿನ ಅಚ್ಚನ್ನು ಮಾಡುವುದು ಹೀಗೆ: ಮೊದಲು ಮರದಲ್ಲೋ ಲೋಹದಲ್ಲೋ ಪಾತ್ರೆಯ ಮಾದರಿ ಮಾಡುತ್ತಾರೆ. ಒದ್ದೆ ಮರಳನ್ನು ಅದರ ಸುತ್ತ ಒತ್ತಿ ತುಂಬುತ್ತಾರೆ. ಮಾದರಿಯನ್ನು ಮೆಲ್ಲಗೆ ತೆಗೆದರೆ ಮರಳಿನಲ್ಲಿ ಅದರ ಆಕಾರದ ಟೊಳ್ಳು ಉಳಿಯುತ್ತದೆ. ಕರಗಿದ ಕಬ್ಬಿಣವನ್ನು ಒಂದು ದಾರಿಯ ಮೂಲಕ ಆ ಟೊಳ್ಳಿಗೆ ಸುರಿಯುತ್ತಾರೆ. ಆರಿದ ಮೇಲೆ ಮರಳನ್ನು ಒಡೆದು ಪಾತ್ರೆ ತೆಗೆಯುತ್ತಾರೆ. ಕಬ್ಬಿಣ ಹರಿದು ಬಂದ ದಾರಿಯಲ್ಲಿ ಒಂದು ಬಾಲ ಅಂಟಿಕೊಂಡಿರುತ್ತದೆ. ಅದನ್ನು ಮುರಿದು ಹಾಕುತ್ತಾರೆ. ಮುರಿದ ಜಾಗದಲ್ಲಿ ಗಾಯದಂತಹ ಕಲೆ ಉಳಿಯುತ್ತದೆ. ಈ ಕಲೆಯನ್ನು ನೆನಪಿಡಿ. ನಮ್ಮ ಹೊಕ್ಕುಳಿನಂತೆ ಅದು ಪಾತ್ರೆಯ ಹುಟ್ಟಿನ ಗುರುತು.

ತಳ ಹೇಳುವ ಮಾತು

ಹಳೆಯ ಪಾತ್ರೆಯನ್ನು ಕಂಡರೆ ಎಲ್ಲರೂ ಒಳಗೆ ನೋಡುತ್ತಾರೆ. ತಿಳಿದವರು ಮೊದಲು ಮಗುಚಿ ತಳ ನೋಡುತ್ತಾರೆ.

ಬಹಳ ಹಳೆಯ ಎರಕದ ಪಾತ್ರೆಗಳಲ್ಲಿ ತಳದ ನಡುವೆ ದುಂಡನೆಯ ಕಲೆ ಇರುತ್ತದೆ. ಅಂದರೆ ಕಬ್ಬಿಣವನ್ನು ತಳದ ನಡುವಿನಿಂದ ಸುರಿದಿದ್ದರು. ಇಂಗ್ಲೆಂಡ್, ಅಮೆರಿಕಗಳ ಪಾತ್ರೆಗಳಲ್ಲಿ 18ನೇ ಶತಮಾನದ ಕಾಲಕ್ಕೆ ಸೇರಿದವು ಹೆಚ್ಚಾಗಿ ಹೀಗಿವೆ. ಅನಂತರದ ಪಾತ್ರೆಗಳ ತಳದಲ್ಲಿ ದುಂಡು ಕಲೆಯ ಬದಲು ಉದ್ದನೆಯ ಗೆರೆಯಂತಹ ಕಲೆ ಕಾಣುತ್ತದೆ. ಅದು ಸಾಮಾನ್ಯವಾಗಿ 19ನೇ ಶತಮಾನದ ಗುರುತು. ಸುಮಾರು 1890ರ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಕಬ್ಬಿಣವನ್ನು ಅಂಚಿನ ಕಡೆಯಿಂದ ಸುರಿಯತೊಡಗಿದವು. ಅಂಚಿನ ಕಲೆಯನ್ನು ಉಜ್ಜಿ ಅಳಿಸುವುದು ಸುಲಭ. ಆದ್ದರಿಂದ ಆಮೇಲಿನ ಪಾತ್ರೆಗಳ ತಳ ನಯವಾಗಿದೆ.

ಆದರೆ ಒಂದೇ ಗುರುತನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಕೈಯಿಂದಲೇ ಎರಕ ಹೊಯ್ಯುವ ಸಣ್ಣ ಕಾರ್ಖಾನೆಗಳ ಹೊಸ ಪಾತ್ರೆಗಳಲ್ಲೂ ಇಂತಹ ಕಲೆ ಉಳಿಯಬಹುದು. ಒಳ್ಳೆಯ ಪತ್ತೇದಾರನು ಎರಡು ಮೂರು ಸಾಕ್ಷಿಗಳನ್ನು ಕೂಡಿಸಿ ನೋಡುತ್ತಾನೆ.

ತಳದಿಂದ ಒಲೆಯೂ ತಿಳಿಯುತ್ತದೆ. ಮೂರು ಕಾಲುಗಳಿರುವ ಪಾತ್ರೆ ನೆಲದ ಮೇಲಿನ ಬೆಂಕಿಗಾಗಿ ಮಾಡಿದ್ದು. ಉರಿಯ ಮೇಲೆ ಅದು ತಾನೇ ನಿಲ್ಲುತ್ತದೆ. ನಮ್ಮ ಚೀನಚಟ್ಟಿಯ ದುಂಡು ತಳ ಮೂರು ಗುಂಡಿನ ಒಲೆಗೆ ಸರಿಯಾಗಿ ಕೂರುತ್ತದೆ. ಪಶ್ಚಿಮದ ದೇಶಗಳಲ್ಲಿ ಕಬ್ಬಿಣದ ಸೌದೆ ಒಲೆಗಳಿದ್ದವು. ಅವುಗಳ ಮೇಲ್ಭಾಗದಲ್ಲಿ ದುಂಡು ಕಂಡಿಗಳಿದ್ದವು. ಆ ಒಲೆಗಳ ಮೇಲಿಡುವ ಬಾಣಲೆಗಳ ತಳದಲ್ಲಿ ಬಳೆಯಂತೆ ಉಬ್ಬಿದ ಒಂದು ಸುತ್ತು ಇರುತ್ತಿತ್ತು. ಗ್ಯಾಸ್ ಮತ್ತು ವಿದ್ಯುತ್ ಒಲೆಗಳು ಬಂದ ಮೇಲೆ ಆ ಬಳೆ ಬೇಡವಾಯಿತು, ತಳ ಚಪ್ಪಟೆಯಾಯಿತು.

ಹೆಸರು ಬರೆದ ಪಾತ್ರೆಗಳು

ನಮ್ಮ ಹಳೆಯ ಕಾವಲಿಗಳಲ್ಲಿ ಮಾಡಿದವರ ಹೆಸರು ಇರುವುದು ಅಪರೂಪ. ಅಮೆರಿಕದ ಕಾರ್ಖಾನೆಗಳು ಮಾತ್ರ ತಳದಲ್ಲಿ ತಮ್ಮ ಹೆಸರು, ಊರು, ಅಂಕೆಗಳನ್ನು ಎರಕದಲ್ಲೇ ಮೂಡಿಸುತ್ತಿದ್ದವು. ಹೀಗಾಗಿ ಅಲ್ಲಿನ ಪಾತ್ರೆಗಳ ವಯಸ್ಸನ್ನು ಚೆನ್ನಾಗಿ ತಿಳಿಯಬಹುದು. ಹಳೆಯ ಪಾತ್ರೆಗಳನ್ನು ಕೂಡಿಡುವ ಸಂಗ್ರಾಹಕರು ಅಲ್ಲಿ ಬಹಳ ಮಂದಿ ಇದ್ದಾರೆ. ಅವರು ಓದುವ ರೀತಿಯನ್ನು ನಾವೂ ಕಲಿಯಬಹುದು.

ಪೆನ್ಸಿಲ್ವೇನಿಯಾ ರಾಜ್ಯದ ಈರಿ ಎಂಬ ಊರಿನಲ್ಲಿ 1865ರಲ್ಲಿ ಒಂದು ಕಾರ್ಖಾನೆ ಆರಂಭವಾಯಿತು. ಮೊದಲು ಅಲ್ಲಿ ಬಾಗಿಲಿನ ಕೀಲು ಮುಂತಾದ ಸಾಮಾನುಗಳನ್ನು ಮಾಡುತ್ತಿದ್ದರು. ಮುಂದೆ ಅದು ಗ್ರಿಸ್ವೋಲ್ಡ್ ಎಂಬ ಹೆಸರಿನಿಂದ ಬಾಣಲೆಗಳಿಗೆ ಪ್ರಸಿದ್ಧವಾಯಿತು. ಅದರ ಹಳೆಯ ಬಾಣಲೆಗಳ ತಳದಲ್ಲಿ ಊರಿನ ಹೆಸರು ಮಾತ್ರ ಇದೆ. ಆಮೇಲಿನವುಗಳಲ್ಲಿ ಎರಡು ವೃತ್ತಗಳ ನಡುವೆ ಕಂಪೆನಿಯ ಹೆಸರೂ ಒಂದು ಶಿಲುಬೆಯೂ ಇವೆ. ಸುಮಾರು 1940ರ ಬಳಿಕ ಈ ಗುರುತು ಚಿಕ್ಕದಾಯಿತು. 1957ರಲ್ಲಿ ಈರಿಯ ಕಾರ್ಖಾನೆ ಮುಚ್ಚಿತು. ಆದ್ದರಿಂದ ದೊಡ್ಡ ಗುರುತು ಇದ್ದರೆ ಪಾತ್ರೆ ಹೆಚ್ಚು ಹಳೆಯದು ಎಂದು ಸಂಗ್ರಾಹಕರು ಹೇಳುತ್ತಾರೆ. ಓಹಿಯೋ ರಾಜ್ಯದ ಸಿಡ್ನಿ ಎಂಬ ಊರಿನಲ್ಲಿ 1891ರಲ್ಲಿ ಆರಂಭವಾದ ವ್ಯಾಗ್ನರ್ ಕಾರ್ಖಾನೆಯ ಬಾಣಲೆಗಳಿಗೂ ಇಂತಹದೇ ಹೆಸರಿದೆ.

ಹೆಸರೇ ಇಲ್ಲದ ಪಾತ್ರೆಯೂ ಗುರುತು ಸಿಗಬಹುದು. ಟೆನೆಸ್ಸಿ ರಾಜ್ಯದ ಸೌತ್ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ 1896ರಲ್ಲಿ ಜೋಸೆಫ್ ಲಾಡ್ಜ್ ಎಂಬವರು ಎರಕದ ಕಾರ್ಖಾನೆ ತೆರೆದರು. 1910ರಲ್ಲಿ ಅದು ಬೆಂಕಿಗೆ ಸುಟ್ಟುಹೋಯಿತು. ಅವರು ಅಲ್ಲೇ ಹತ್ತಿರ ಮತ್ತೆ ಕಟ್ಟಿದರು. ಆ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಅದರ ಹಳೆಯ ಬಾಣಲೆಗಳಲ್ಲಿ ಹಲವಕ್ಕೆ ಹೆಸರಿಲ್ಲ. ಆದರೆ ತಳದ ಬಳೆಯಲ್ಲಿ ಮೂರು ಕಡೆ ಸಣ್ಣ ಕಡಿತಗಳಿವೆ. ತಿಳಿದವರು ಅದನ್ನು ಕಂಡೊಡನೆ ಲಾಡ್ಜ್ ಎನ್ನುತ್ತಾರೆ.

ಈ ಬಾಣಲೆಗಳ ಮೇಲೆ 3, 5, 8, 10 ಹೀಗೆ ಅಂಕೆಗಳೂ ಇರುತ್ತವೆ. 8 ಎಂದಿದ್ದರೆ ಎಂಟು ಅಂಗುಲವೇ? ಅಲ್ಲ! ಅಳೆದು ನೋಡಿದರೆ ಅದರ ಬಾಯಿಯ ಅಗಲ ಸುಮಾರು ಹತ್ತೂವರೆ ಅಂಗುಲ. ಆ ಅಂಕೆ ಸೌದೆ ಒಲೆಯ ಕಂಡಿಯ ಸಂಖ್ಯೆ. ಒಲೆ ಹೋಯಿತು, ಅಂಕೆ ಉಳಿಯಿತು.

ಅಸಲಿ ಯಾವುದು, ನಕಲಿ ಯಾವುದು?

ಬೆಲೆ ಬಂದ ಕಡೆ ಮೋಸವೂ ಬರುತ್ತದೆ. ಕೆಲವರು ಹಳೆಯ ಬಾಣಲೆಯನ್ನೇ ಮಾದರಿಯಾಗಿಟ್ಟು ಮರಳಿನಲ್ಲಿ ಅಚ್ಚು ತೆಗೆದು ಹೊಸ ಬಾಣಲೆ ಎರೆಯುತ್ತಾರೆ. ಹೆಸರು, ಗುರುತು ಎಲ್ಲ ಹಾಗೆಯೇ ಮೂಡುತ್ತವೆ. ಹಾಗಾದರೆ ಕಂಡುಹಿಡಿಯುವುದು ಹೇಗೆ?

ಇಲ್ಲಿ ವಿಜ್ಞಾನ ನೆರವಿಗೆ ಬರುತ್ತದೆ. ಕಾದ ಲೋಹ ಆರುವಾಗ ಕುಗ್ಗುತ್ತದೆ ಎಂದು ನೀವು ಕಲಿತಿದ್ದೀರಿ. ಎರಕದ ಕಬ್ಬಿಣ ಗಟ್ಟಿಯಾಗಿ ಆರುವಾಗ ಸುಮಾರು ನೂರಕ್ಕೆ ಒಂದು ಭಾಗದಷ್ಟು ಕುಗ್ಗುತ್ತದೆ. ಆದ್ದರಿಂದ ಕುಶಲ ಕೆಲಸಗಾರನು ಮಾದರಿಯನ್ನೇ ತುಸು ದೊಡ್ಡದಾಗಿ ಮಾಡುತ್ತಾನೆ. ನಕಲು ಮಾಡುವವನ ಬಳಿ ಆ ದೊಡ್ಡ ಮಾದರಿ ಇಲ್ಲ. ಅವನು ಅಸಲಿ ಬಾಣಲೆಯನ್ನೇ ಮಾದರಿ ಮಾಡಿದ್ದಾನೆ. ಹಾಗಾಗಿ ಅವನ ಬಾಣಲೆ ಅಸಲಿಗಿಂತ ಚಿಕ್ಕದಾಗುತ್ತದೆ. ಅಸಲಿ 30 ಸೆಂಟಿಮೀಟರ್ ಅಗಲವಿದ್ದರೆ ನಕಲಿಯಲ್ಲಿ ಸುಮಾರು 3 ಮಿಲಿಮೀಟರ್ ಕಡಿಮೆ. ಒಂದು ಅಳತೆಪಟ್ಟಿ ಸಾಕು, ಮೋಸ ಬಯಲಾಗುತ್ತದೆ!

ಇನ್ನೂ ಎರಡು ಸಾಕ್ಷಿಗಳಿವೆ. ನಕಲಿನಲ್ಲಿ ಅಕ್ಷರಗಳ ಅಂಚು ಮಸುಕಾಗಿರುತ್ತದೆ. ಮೈ ಮರಳು ಮರಳಾಗಿರುತ್ತದೆ. ಹಿಂದಿನ ದೊಡ್ಡ ಕಾರ್ಖಾನೆಗಳು ಬಾಣಲೆಯ ಒಳಮೈಯನ್ನು ಯಂತ್ರದಲ್ಲಿ ಉಜ್ಜಿ ನಯ ಮಾಡುತ್ತಿದ್ದವು. 20ನೇ ಶತಮಾನದ ನಡುಭಾಗದ ಬಳಿಕ ಖರ್ಚು ಉಳಿಸಲು ಹೆಚ್ಚಿನವು ಈ ಕೆಲಸವನ್ನು ಬಿಟ್ಟವು. ಆದ್ದರಿಂದ ಅಂಗೈ ಸವರಿ ನೋಡಿದರೂ ಹಳೆಯದು ಹೊಸದು ಎಷ್ಟೋ ಸಲ ತಿಳಿಯುತ್ತದೆ.

ನಾವೇ ಮಾಡಬಹುದಾದ ಐದು ಪರೀಕ್ಷೆಗಳು

ಮನೆಯ ಹಿರಿಯರ ಅನುಮತಿ ಪಡೆದು, ಆರಿದ ಪಾತ್ರೆಯನ್ನು ಹೀಗೆ ಪರೀಕ್ಷಿಸಬಹುದು.

1. ಅಯಸ್ಕಾಂತದ ಪರೀಕ್ಷೆ: ಅಯಸ್ಕಾಂತ ಅಂಟಿದರೆ ಅದು ಕಬ್ಬಿಣದ ಜಾತಿ. ಅಲ್ಯೂಮಿನಿಯಂ, ಹಿತ್ತಾಳೆ, ಕಂಚುಗಳಿಗೆ ಅದು ಅಂಟುವುದಿಲ್ಲ. ಕೆಲವು ಮನೆಗಳಲ್ಲಿ ಅಪ್ಪದ ಕಾವಲಿ ಕಂಚಿನದಾಗಿರುತ್ತದೆ. ಮಸಿ ಹಿಡಿದಾಗ ಅದೂ ಕಪ್ಪಾಗಿ ಕಬ್ಬಿಣದಂತೆ ಕಾಣುತ್ತದೆ. ಅಯಸ್ಕಾಂತ ಸತ್ಯ ಹೇಳುತ್ತದೆ.

2. ಹಿಡಿಯ ಪರೀಕ್ಷೆ: ಹಿಡಿ ಅಥವಾ ಕಿವಿ ಒಂದೇ ತುಂಡಾಗಿದೆಯೇ? ಗೋಡೆ ದಪ್ಪವಾಗಿದೆಯೇ? ಹಾಗಿದ್ದರೆ ಎರಕದ್ದು. ಮೊಳೆ ಇದ್ದು, ತೆಳ್ಳಗಿದ್ದು, ಪೆಟ್ಟಿನ ಗುರುತಿದ್ದರೆ ಬಡಿದು ಮಾಡಿದ್ದು.

3. ಮೇಜಿನ ಪರೀಕ್ಷೆ: ಚಪ್ಪಟೆ ತಳದ ಪಾತ್ರೆಯನ್ನು ಸಮನಾದ ಮೇಜಿನ ಮೇಲಿಟ್ಟು ಅಂಚನ್ನು ಒತ್ತಿರಿ. ಅಲುಗಾಡಿದರೆ ಅಥವಾ ಬುಗುರಿಯಂತೆ ತಿರುಗಿದರೆ ತಳ ಸೊಟ್ಟಾಗಿದೆ. ಎಂದೋ ಒಮ್ಮೆ ಅದು ಅತಿಯಾಗಿ ಕಾದಿದೆ ಎಂದು ತಿಳಿಯಬೇಕು.

4. ದನಿಯ ಪರೀಕ್ಷೆ: ಹಿಡಿಯಲ್ಲಿ ತೂಗುಹಾಕಿ ಮರದ ಸೌಟಿನಿಂದ ಮೆಲ್ಲಗೆ ತಟ್ಟಿರಿ. ಸರಿಯಾಗಿರುವ ಪಾತ್ರೆ ಗಂಟೆಯಂತೆ ದನಿ ಕೊಡುತ್ತದೆ. ಬಿರುಕು ಬಿಟ್ಟದ್ದು ಡಬ್ ಎನ್ನುತ್ತದೆ. ಒಡೆದ ಮಡಕೆಯನ್ನು ಸಂತೆಯಲ್ಲಿ ಹಿರಿಯರು ಪತ್ತೆ ಮಾಡುವುದೂ ಹೀಗೆಯೇ ಅಲ್ಲವೇ?

5. ಬೆಳಕಿನ ಪರೀಕ್ಷೆ: ಬಿಸಿಲಿನಲ್ಲಿ ಹಿಡಿದು ಅಂಚಿನಿಂದ ತಳದವರೆಗೆ ನೋಡಿರಿ. ಕೂದಲೆಳೆಯಂತಹ ಗೆರೆ ಇದೆಯೇ? ಅದು ಸೀಳು. ಸಣ್ಣ ಸಣ್ಣ ಕುಳಿಗಳಿವೆಯೇ? ತುಕ್ಕು ಬಹಳ ಕಾಲ ತಿಂದ ಗುರುತು ಅದು.

ಬೆಲೆ ಕಟ್ಟುವುದು ಹೇಗೆ?

ಹಳೆಯದೆಲ್ಲ ಬೆಲೆಬಾಳುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಗ್ರಿಸ್ವೋಲ್ಡ್ ಬಾಣಲೆಗಳನ್ನೇ ನೋಡಿ. 8 ಅಂಕೆಯ ಬಾಣಲೆ ಎಲ್ಲ ಮನೆಗಳಲ್ಲೂ ಇತ್ತು. ಲೆಕ್ಕವಿಲ್ಲದಷ್ಟು ಉಳಿದುಕೊಂಡಿವೆ. ಆದ್ದರಿಂದ ಅದಕ್ಕೆ ಸಾಧಾರಣ ಬೆಲೆ. 13 ಅಂಕೆಯ ಬಾಣಲೆ ಸಿಗುವುದು ಅಪರೂಪ. ಸಂಗ್ರಾಹಕರು ಅದಕ್ಕೆ ಹಲವು ಪಟ್ಟು ಹೆಚ್ಚು ಹಣ ಕೊಡುತ್ತಾರೆ. ಎರಡೂ ಒಂದೇ ಕಾರ್ಖಾನೆಯವು, ಒಂದೇ ಕಬ್ಬಿಣದವು.

ಸಂಗ್ರಾಹಕರು ನಾಲ್ಕು ಪ್ರಶ್ನೆ ಕೇಳುತ್ತಾರೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು? ಎಷ್ಟು ಅಪರೂಪ? ಸೀಳು, ಸೊಟ್ಟು, ಕುಳಿಗಳಿಲ್ಲದೆ ಚೆನ್ನಾಗಿದೆಯೇ? ಮುಚ್ಚಳ ಮುಂತಾದ ಎಲ್ಲ ಭಾಗಗಳೂ ಜೊತೆಗಿವೆಯೇ? ಈ ನಾಲ್ಕರಲ್ಲಿ ಮೂರನೆಯದಕ್ಕೆ ಮಹತ್ತ್ವ ಹೆಚ್ಚು. ಎಷ್ಟೇ ಹೆಸರಾದ ಪಾತ್ರೆಯಾದರೂ ಸೀಳು ಬಿಟ್ಟರೆ ಬೆಲೆ ಇಳಿಯುತ್ತದೆ. ಎರಕದ ಕಬ್ಬಿಣದ ಬಿರುಕಿಗೆ ಬೆಸುಗೆ ಹಾಕುವುದು ಬಹಳ ಕಷ್ಟ.

ತುಕ್ಕು ಹಾಗಲ್ಲ. ಕೆಂಪಗೆ ತುಕ್ಕು ಹಿಡಿದ ಪಾತ್ರೆಯನ್ನು ಕಂಡು ಇದು ಕೆಟ್ಟಿತು ಎಂದು ಎಸೆಯುವವರೇ ಹೆಚ್ಚು. ತೇವ ಮತ್ತು ಗಾಳಿ ತಾಗಿದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಸಹಜ. ಮೇಲ್ಮೈಯ ತುಕ್ಕನ್ನು ಹುಣಸೆಹುಳಿ ಹಚ್ಚಿ ಉಜ್ಜಿದರೆ ಹೋಗುತ್ತದೆ. ತುಕ್ಕು ಪಾತ್ರೆಗೆ ಬಂದ ಕಾಯಿಲೆ. ಸೀಳು ಅದರ ಮರಣ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಒಳ್ಳೆಯ ಕಾವಲಿಗಳು ಗುಜರಿಗೆ ಹೋಗಿವೆ. ಗುಜರಿಯಿಂದ ಅವು ಕುಲುಮೆಗೆ ಹೋಗುತ್ತವೆ. ಅಲ್ಲಿ ಕರಗಿದ ಮೇಲೆ ಹಳೆಯ ಕಾವಲಿ ಮತ್ತೆ ಸಿಗುವುದಿಲ್ಲ.

ಸಂಗ್ರಾಹಕರು ಕೇಳದ ಐದನೆಯ ಪ್ರಶ್ನೆಯೊಂದಿದೆ. ಅದನ್ನು ನಾವು ಕೇಳಬೇಕು: ಈ ಪಾತ್ರೆ ಎಷ್ಟು ಪಳಗಿದೆ?

ಪಳಗಿದ ಕಾವಲಿ

ಹೊಸ ಕಬ್ಬಿಣದ ಕಾವಲಿಯಲ್ಲಿ ಮೊದಲ ದಿನವೇ ದೋಸೆ ಏಳುವುದಿಲ್ಲ. ಅಂಟಿ, ಹರಿದು, ಸುಟ್ಟುಹೋಗುತ್ತದೆ. ಅದಕ್ಕಾಗಿ ಕಾವಲಿಯನ್ನು ಪಳಗಿಸುತ್ತಾರೆ. ಎತ್ತನ್ನು ಪಳಗಿಸಿದಂತೆ ಕಾವಲಿಯನ್ನೂ ಪಳಗಿಸುವುದು! ನಮ್ಮ ಹಿರಿಯರು ಹೊಸ ಕಾವಲಿಯಲ್ಲಿ ಕೆಲವು ದಿನ ಗಂಜಿತಿಳಿಯನ್ನೋ ಅಕ್ಕಿ ತೊಳೆದ ನೀರನ್ನೋ ತುಂಬಿಡುತ್ತಾರೆ. ಅನಂತರ ತೊಳೆದು, ಒಣಗಿಸಿ, ಎಣ್ಣೆ ಸವರಿ ಕಾಯಿಸುತ್ತಾರೆ. ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ದೋಸೆ ಹೊಯ್ಯುವ ಮುನ್ನ ಈರುಳ್ಳಿ ತುಂಡನ್ನೋ ತೆಂಗಿನ ನಾರನ್ನೋ ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಒರೆಸುವುದನ್ನು ನೀವು ನೋಡಿರಬಹುದು.

ಇದರ ಹಿಂದೆ ಒಂದು ರಸಾಯನಕ್ರಿಯೆ ಇದೆ. ತೆಳ್ಳಗೆ ಸವರಿದ ಎಣ್ಣೆ ಜೋರಾಗಿ ಕಾದಾಗ ಅದರ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎಣ್ಣೆ ಗಟ್ಟಿಯಾದ ತೆಳು ಪದರವಾಗಿ ಕಬ್ಬಿಣಕ್ಕೆ ಅಂಟುತ್ತದೆ. ನೂರಾರು ಸಲ ಹೀಗಾದಾಗ ಕಪ್ಪಗೆ ಮಿರುಗುವ ಹೊದಿಕೆ ಬೆಳೆಯುತ್ತದೆ. ಅದು ತುಕ್ಕನ್ನು ತಡೆಯುತ್ತದೆ. ದೋಸೆ ಅಂಟದಂತೆ ನೋಡಿಕೊಳ್ಳುತ್ತದೆ. ಅಂಗಡಿಯಲ್ಲಿ ಕಾವಲಿ ಸಿಗುತ್ತದೆ. ಹತ್ತಾರು ವರ್ಷ ದಿನವೂ ದೋಸೆ ಹೊಯ್ದ ಕೈಗಳು ಬೆಳೆಸಿದ ಆ ಹೊದಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ಪಳಗಿದ ಕಾವಲಿಯನ್ನು ಮಾರುವವರು ಕಬ್ಬಿಣದ ಜೊತೆಗೆ ಆ ವರ್ಷಗಳನ್ನೂ ಮಾರುತ್ತಾರೆ. ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ.

ಕಬ್ಬಿಣದ ಪಾತ್ರೆಯಿಂದ ಇನ್ನೊಂದು ಲಾಭವಿದೆ. ಅದರಲ್ಲಿ ಬೇಯಿಸಿದ ಆಹಾರಕ್ಕೆ, ಅದರಲ್ಲೂ ಹುಳಿ ಇರುವ ಪದಾರ್ಥಕ್ಕೆ, ಸ್ವಲ್ಪ ಕಬ್ಬಿಣದ ಅಂಶ ಸೇರುತ್ತದೆ. ರಕ್ತಕ್ಕೆ ಕಬ್ಬಿಣ ಬೇಕೇ ಬೇಕು. ಆದರೆ ಹುಳಿ ಪದಾರ್ಥವನ್ನು ಅದರಲ್ಲಿ ಬಹಳ ಹೊತ್ತು ಇಡಬಾರದು. ಬಣ್ಣವೂ ರುಚಿಯೂ ಕೆಡುತ್ತವೆ. ಪಳಗಿದ ಹೊದಿಕೆಯೂ ಕರಗುತ್ತದೆ.

ಎಚ್ಚರಿಕೆ

ಹಳೆಯ ಪಾತ್ರೆಯನ್ನು ಉಳಿಸಬೇಕೆಂದು ಹೊರಟು ಕೆಡಿಸಬಾರದು. ಕೊಳೆ ತೆಗೆಯಲು ಪಾತ್ರೆಯನ್ನು ನೇರವಾಗಿ ದೊಡ್ಡ ಬೆಂಕಿಗೆ ಎಸೆಯುವವರಿದ್ದಾರೆ. ಅದರಿಂದ ತಳ ಸೊಟ್ಟಾಗಬಹುದು, ಸೀಳಬಹುದು. ಉಜ್ಜುವ ಯಂತ್ರ ಹಿಡಿದರೆ ಅಕ್ಷರಗಳೂ ಗುರುತುಗಳೂ ಅಳಿಸಿಹೋಗುತ್ತವೆ. ತೊಳೆದ ಮೇಲೆ ನೀರು ಉಳಿಯದಂತೆ ಒರೆಸಿ, ತುಸು ಬಿಸಿ ಮಾಡಿ, ತೆಳ್ಳಗೆ ಎಣ್ಣೆ ಸವರಿಡಬೇಕು.

ಎಲ್ಲಿಂದಲೋ ಬಂದ ಅಪರಿಚಿತ ಪಾತ್ರೆಯನ್ನು ಅಡುಗೆಗೆ ಬಳಸುವ ಮುನ್ನ ಯೋಚಿಸಬೇಕು. ಮೀನಿನ ಬಲೆಗೆ ಕಟ್ಟುವ ಗುಂಡು ಮುಂತಾದವನ್ನು ಮಾಡಲು ಕೆಲವರು ಇಂತಹ ಪಾತ್ರೆಗಳಲ್ಲಿ ಸೀಸ ಕರಗಿಸುವುದುಂಟು. ಸೀಸ ವಿಷ. ಮಕ್ಕಳಿಗೆ ಅದು ಹೆಚ್ಚು ಅಪಾಯಕಾರಿ. ತೊಳೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ಪಾತ್ರೆಯ ಹಿಂದಿನ ಬಳಕೆ ಗೊತ್ತಿಲ್ಲದಿದ್ದರೆ ಅದನ್ನು ನೋಡಲಷ್ಟೇ ಇಟ್ಟುಕೊಳ್ಳುವುದು ಲೇಸು.

ಹೆಸರಿಲ್ಲದ ಕಾವಲಿಗೆ ಹೆಸರು

ಅಮೆರಿಕದ ಬಾಣಲೆಗೆ ತಳದಲ್ಲಿ ಹೆಸರಿದೆ. ನಮ್ಮ ಕಾವಲಿಗೆ ಇಲ್ಲ. ಅದನ್ನು ಯಾವ ಸಂತೆಯಿಂದ ತಂದರು, ಯಾರು ಪಳಗಿಸಿದರು, ಎಷ್ಟು ಮಂದಿಗೆ ಅದರಿಂದ ದೋಸೆ ಹೊಯ್ದರು ಎಂಬುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಅವರು ಹೇಳದಿದ್ದರೆ, ನಾವು ಕೇಳದಿದ್ದರೆ, ಆ ಚರಿತ್ರೆ ಅಳಿಯುತ್ತದೆ. ಆಮೇಲೆ ಕಾವಲಿ ಬರೀ ಎರಡು ಮೂರು ಕಿಲೋಗ್ರಾಂ ಕಬ್ಬಿಣ.

ಆದ್ದರಿಂದ ಮಕ್ಕಳೇ, ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಮನೆಯ ಅತಿ ಹಳೆಯ ಕಬ್ಬಿಣದ ಪಾತ್ರೆಯ ಅಗಲ, ತೂಕ, ತಳದ ಗುರುತುಗಳನ್ನು ಬರೆಯಿರಿ. ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಅದು ಬಂದ ವರ್ಷ ಮತ್ತು ಊರನ್ನು ಬರೆಯಿರಿ. ಆ ಕಾಗದವನ್ನು ಜೋಪಾನವಾಗಿಡಿ. ಮುಂದೆ ಆ ಪಾತ್ರೆಯನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂಬ ಮಾತು ಬಂದಾಗ, ತೂಗುವ ಮೊದಲು ಅದನ್ನು ಎಲ್ಲರೂ ಓದಲಿ.

ಪದಗಳ ಅರ್ಥ

ಎರಕ – ಕರಗಿಸಿದ ಲೋಹವನ್ನು ಅಚ್ಚಿಗೆ ಹೊಯ್ಯುವುದು
ಊದುಕುಲುಮೆ – ಗಾಳಿ ಊದಿ ಲೋಹ ಕರಗಿಸುವ ದೊಡ್ಡ ಒಲೆ
ಸಂಗ್ರಾಹಕ – ಅಪರೂಪದ ವಸ್ತುಗಳನ್ನು ಕೂಡಿಡುವವನು
ಪಳಗಿಸು – ರೂಢಿ ಮಾಡಿಸು, ಬಳಕೆಗೆ ಒಗ್ಗಿಸು
ಗುಜರಿ – ಹಳೆಯ ಸಾಮಾನುಗಳ ವ್ಯಾಪಾರ
ಅಸಲಿ – ನಿಜವಾದದ್ದು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಎರಕದ ಕಬ್ಬಿಣಕ್ಕೆ ಆಡುಮಾತಿನಲ್ಲಿರುವ ಹೆಸರೇನು?
2. ಅಬ್ರಹಾಂ ಡಾರ್ಬಿ ಹಕ್ಕುಪತ್ರ ಪಡೆದದ್ದು ಯಾವ ವರ್ಷ?
3. ಚೀನಚಟ್ಟಿ ಎಂಬ ಪದದ ಅರ್ಥವೇನು?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಡಿದು ಮಾಡಿದ ಬಾಣಲೆಗೂ ಎರಕದ ಬಾಣಲೆಗೂ ಇರುವ ವ್ಯತ್ಯಾಸವೇನು?
2. ನಕಲಿ ಬಾಣಲೆ ಅಸಲಿಗಿಂತ ಚಿಕ್ಕದಾಗುವುದು ಏಕೆ?
3. ತುಕ್ಕು ಹಿಡಿದ ಪಾತ್ರೆಯನ್ನು ಎಸೆಯಬಾರದು ಏಕೆ?

ಇ. ಲೆಕ್ಕ ಮಾಡಿರಿ.
ಅಸಲಿ ಕಾವಲಿಯ ಅಗಲ 40 ಸೆಂಟಿಮೀಟರ್. ಅದನ್ನೇ ಮಾದರಿಯಾಗಿಟ್ಟು ಎರೆದ ಕಾವಲಿಯ ಅಗಲ ಸುಮಾರು ಎಷ್ಟಿರಬಹುದು?

ಈ. ಚರ್ಚಿಸಿರಿ.
‘ತಕ್ಕಡಿಗೆ ತೂಕ ಮಾತ್ರ ತಿಳಿಯುತ್ತದೆ.’ ಈ ಮಾತು ಕಾವಲಿಯಲ್ಲದೆ ಬೇರೆ ಯಾವ ವಸ್ತುಗಳಿಗೆ ಅನ್ವಯಿಸುತ್ತದೆ?

ಉ. ಚಟುವಟಿಕೆ
ನಿಮ್ಮ ತರಗತಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಮುಂತಾದ ಭಾಷೆಗಳನ್ನಾಡುವ ಗೆಳೆಯರಿರಬಹುದು. ಕಾವಲಿ, ಬಾಣಲೆ, ಸೌಟುಗಳಿಗೆ ಅವರ ಮನೆಗಳಲ್ಲಿ ಏನೆನ್ನುತ್ತಾರೆ ಎಂದು ಕೇಳಿ ಪಟ್ಟಿ ಮಾಡಿರಿ.